ಕಲ್ಲುಗಳ ನಡುವಿನ ನೆಲ

ವಿಭೂತಿಹಳ್ಳಿಯ ಬಯಲಿನಲ್ಲಿ ಉಳಿಯ ಕೆಲಸ ಹುಡುಕಬಾರದು. ಅಲ್ಲಿ ಬೋದಿಗೆಯಿಲ್ಲ, ಶಾಸನವಿಲ್ಲ, ಗರ್ಭಗುಡಿಯಿಲ್ಲ, ಕೈಮುಗಿಯಲು ಮೂರ್ತಿಯಿಲ್ಲ. ಯಾದಗಿರಿ ಜಿಲ್ಲೆಯ ಶಹಾಪುರದಿಂದ ದಕ್ಷಿಣಕ್ಕೆ ನಾಲ್ಕೈದು ಕಿಲೋಮೀಟರ್ ದೂರದ ಈ ಜಾಗದಲ್ಲಿ ಹತ್ತಿರ ಹತ್ತಿರ 12 ಎಕರೆಯ ಮೇಲೆ ಸುಮಾರು ಒಂದು ಸಾವಿರ ಗುಂಡುಕಲ್ಲುಗಳು ಕೂತಿವೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಇದನ್ನು ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ. ಸ್ಮಾರಕ ಎಂಬ ಮಾತು ಕೇಳಿ ಬಂದವರಿಗೆ ಮೊದಲ ನೋಟದಲ್ಲಿ ಏನೂ ಸಿಗುವುದಿಲ್ಲ. ಶಹಾಪುರದ ಸುತ್ತ ಎತ್ತ ತಿರುಗಿದರೂ ಗುಡ್ಡ, ಗುಡ್ಡದ ತುಂಬ ಬಂಡೆ. ಅದರಲ್ಲಿ ಇನ್ನೊಂದಿಷ್ಟು ಇಲ್ಲಿ ಉರುಳಿ ಬಿದ್ದಿವೆ ಎಂದುಕೊಂಡು ಹಿಂತಿರುಗುವವರು ಬಹಳ.

ಹಿಂತಿರುಗದೆ ನಡೆಯಬೇಕು. ನಡೆಯುತ್ತಿದ್ದಂತೆ, ಚದುರಿ ಬಿದ್ದಂತಿದ್ದ ಕಲ್ಲುಗಳು ಒಮ್ಮೆಲೇ ಸಾಲಾಗಿ ನಿಲ್ಲುತ್ತವೆ. ಮುಂದಿನ ಕಲ್ಲು ಅದರ ಹಿಂದಿನ ಕಲ್ಲನ್ನು ಮರೆಮಾಡುತ್ತದೆ, ಎರಡು ಸಾಲುಗಳ ನಡುವೆ ಓಣಿ ತೆರೆದುಕೊಂಡು ದೂರದವರೆಗೆ ಹೋಗುತ್ತದೆ. ಇನ್ನೆರಡು ಹೆಜ್ಜೆ ಇಟ್ಟರೆ ಆ ಓಣಿ ಮುಚ್ಚಿ, ಓರೆಯಾಗಿ ಮತ್ತೊಂದು ತೆರೆಯುತ್ತದೆ. ಆಗ ಲೆಕ್ಕ ಸಿಗುತ್ತದೆ. ನಾಲ್ಕು ಕಲ್ಲು ಚೌಕದ ನಾಲ್ಕು ಮೂಲೆಗೆ, ಐದನೆಯದು ಅದರ ನಡುವಿಗೆ. ಆ ಐದನೆಯದೇ ಮುಂದಿನ ಚೌಕದ ಮೂಲೆ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಇಡುವ ಸಂದು ಚುಕ್ಕಿಯ ರಂಗೋಲಿಯ ಹಾಗೆ, ಒಂದು ಸಾಲಿನ ಚುಕ್ಕಿ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬರುತ್ತದೆ. ವಿಭೂತಿಹಳ್ಳಿಯವರು ಚುಕ್ಕಿಗಳನ್ನು ಇಟ್ಟರು, ಎಳೆ ಎಳೆಯುವ ಕೆಲಸವನ್ನು ನಡೆಯುವವರಿಗೆ ಬಿಟ್ಟರು.

ವಿನ್ಯಾಸ, ಕಲೆ, ವಾಸ್ತುಶಿಲ್ಪದಲ್ಲಿ ಹೊಸದೇನಿದೆ ಎಂದು ಹುಡುಕುವವರು ಸಾಮಾನ್ಯವಾಗಿ ಬೆಂಗಳೂರಿನ ಗ್ಯಾಲರಿಗಳತ್ತ, ಕೊಚ್ಚಿಯ ಬಿಯೆನಾಲೆಯತ್ತ ಮುಖ ಮಾಡುತ್ತಾರೆ. ನಾನು ಅವರನ್ನು ಸಗರನಾಡಿಗೆ, ಅಂದರೆ ಶಹಾಪುರ–ಸುರಪುರದ ಈ ಸೀಮೆಗೆ, ಕರೆಯುತ್ತೇನೆ. ಕಳೆದ ಅರವತ್ತು ವರ್ಷಗಳಲ್ಲಿ ಜಗತ್ತಿನ ಕಲಾವಿದರು ಕಷ್ಟಪಟ್ಟು ತಲುಪಿದ ಒಂದು ತಿಳಿವಳಿಕೆ ಈ ನೆಲದಲ್ಲಿ ಸಾವಿರಾರು ವರ್ಷಗಳಿಂದ ಬಿಸಿಲಿಗೆ ಬಿದ್ದಿದೆ. ಇಲ್ಲಿ ರೂಪ ಪಡೆದಿರುವುದು ಕಲ್ಲು ಅಲ್ಲ. ಕಲ್ಲು ಕಲ್ಲುಗಳ ನಡುವಿನ ಖಾಲಿ ನೆಲ ರೂಪ ಪಡೆದಿದೆ. ಈ ಮಾತನ್ನು ನಾವು ಬೇಗ ಒಪ್ಪದಿದ್ದರೆ ಕಲ್ಲುಗಳು ಉಳಿದರೂ ಕೃತಿ ಉಳಿಯದು.

ಈ ಸಾಲುಗಳನ್ನು ಬರಹಕ್ಕೆ ತಂದ ಮೊದಲಿಗರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಒಬ್ಬ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಹುಡುಗನಾಗಿ ಮುಂಬೈಗೆ ಬಂದು, ನಿಜಾಮನ ಸೇನೆ ಸೇರಿದವನು. ಸುರಪುರದ ದೊರೆ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದು 1853ರವರೆಗೆ ಅಲ್ಲಿದ್ದ. ಬಾಲಕ ದೊರೆ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಅದೇ ದೊರೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಎಳೆಯ ವಯಸ್ಸಿನಲ್ಲೇ ಗುಂಡಿಗೆ ಬಲಿಯಾದ ಕಥೆ ಸುರಪುರದಲ್ಲಿ ಇಂದಿಗೂ ಹಸಿಯಾಗಿದೆ. ಟೇಲರ್ 1840ರ ದಶಕದಲ್ಲಿ ಊರ ಮೇಲಿನ ಗುಡ್ಡದಲ್ಲಿ ಕಟ್ಟಿಸಿದ ಬಂಗಲೆಯನ್ನು ಜನ ಟೇಲರ್ ಮಂಜಿಲ್ ಎನ್ನುತ್ತಾರೆ. ಆ ಮನೆಯ ದೊಡ್ಡ ಗುಣ ಅದು ನಿಂತಿರುವ ಜಾಗ. ಸುತ್ತ ಗುಡ್ಡಗಳ ನಡುವೆ ಅಡಗಿ ಕೂತ ಸುರಪುರವನ್ನು ಒಂದೇ ನೋಟಕ್ಕೆ ತಂದುಕೊಡುವ ನೆಲೆ ಅದು.

ಆಡಳಿತದ ಬಿಡುವಿನಲ್ಲಿ ಟೇಲರ್ ಈ ಸೀಮೆಯ ಕಲ್ಲುಗೋರಿಗಳನ್ನೂ ಕಲ್ಲುಸಾಲುಗಳನ್ನೂ ಅಳೆದ, ಚಿತ್ರಿಸಿದ, ಕೆಲವನ್ನು ಅಗೆಸಿದ. ಏಷ್ಯಾಟಿಕ್ ಸೊಸೈಟಿಯ ಮುಂಬೈ ಶಾಖೆಯ ಪತ್ರಿಕೆಯಲ್ಲಿ 1850ರ ದಶಕದ ಆರಂಭದಲ್ಲಿ ಬರೆದ. ಮುಂದೆ ಐರ್ಲೆಂಡಿನ ರಾಯಲ್ ಅಕಾಡೆಮಿಗೂ ದೀರ್ಘ ಲೇಖನ ಕೊಟ್ಟ. ತನ್ನ ನಾಡಿನ ಡ್ರೂಯಿಡ್ ಪುರೋಹಿತರು, ಸಿಥಿಯನ್ನರು, ಕೆಲ್ಟರು ಇವರ ಜೊತೆ ಸಗರನಾಡಿನ ಕಲ್ಲುಗಳನ್ನು ನಂಟು ಹಾಕಿದ. ಆ ನಂಟನ್ನು ಈಗ ಯಾರೂ ಒಪ್ಪುವುದಿಲ್ಲ; ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿ ಇಲ್ಲಿನದೇ ಜನರ, ಬಹುಪಾಲು ಕಬ್ಬಿಣ ಯುಗದ ಬೆಳೆ. ಆದರೆ ಅವನ ಕಣ್ಣು ದೊಡ್ಡದು. ಬರೀ ಗುಂಡುಕಲ್ಲು ಎಂದು ದಾಟಿಹೋಗುತ್ತಿದ್ದ ಕಡೆ ಅವನು ಇಳಿದು ನಿಂತ, ಸಾಲು ಕಂಡ. ಕೃಷ್ಣೆಯ ಕಡೆಗಿರುವ ರಾಜನಕೋಳೂರಿನ ಕಲ್ಮನೆಗಳ ಬಗ್ಗೆ ಬರೆಯುವಾಗ, ಅವು ಕುಳ್ಳರಾಗಿದ್ದ ಮೋರೇರ ಮನೆಗಳು ಎಂಬ ಜನರ ಮಾತನ್ನೂ ಬಿಡದೆ ಬರೆದಿಟ್ಟ.

ಫೋಟೊಗ್ರಫಿಯ ಚರಿತ್ರೆಯಲ್ಲೂ ಟೇಲರನ ಹೆಸರಿದೆ. 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನ ಎರಡು ದೊಡ್ಡ ಸಂಪುಟಗಳನ್ನು ತಂದಿತು. ಒಂದು ಬಿಜಾಪುರದ ಕಟ್ಟಡಗಳದ್ದು, ಇನ್ನೊಂದು ಧಾರವಾಡ ಮತ್ತು ಮೈಸೂರು ಸೀಮೆಗಳದ್ದು. ಬಿಗ್ಸ್, ಪಿಗೌ, ನೀಲ್ ಮುಂತಾದವರು ತೆಗೆದ ಫೋಟೊಗಳನ್ನು ಪುಟಗಳಿಗೆ ಅಂಟಿಸಿ ಮಾಡಿದ ಪುಸ್ತಕಗಳವು. ಕಟ್ಟಡಕಲೆಯ ಟಿಪ್ಪಣಿ ಜೇಮ್ಸ್ ಫರ್ಗ್ಯುಸನ್ನನದು, ಚರಿತ್ರೆಯ ಭಾಗ ಟೇಲರನದು. ಗೋಳಗುಮ್ಮಟವೂ ಚಾಲುಕ್ಯ–ಹೊಯ್ಸಳರ ಗುಡಿಗಳೂ ಜಗತ್ತಿನ ಓದುಗರ ಕಣ್ಣಿಗೆ ಬಿದ್ದ ಬಗೆ ಇದು. ಗುಮ್ಮಟಕ್ಕೆ ಮುಖವಿದೆ, ಗುಡಿಗೆ ಬಾಗಿಲಿದೆ. ಕ್ಯಾಮೆರಾ ಅದರೆದುರು ನಿಂತರೆ ಸಾಕು. ವಿಭೂತಿಹಳ್ಳಿಗೆ ಮುಖವೇ ಇಲ್ಲ. ಕಣ್ಣೆತ್ತರದಿಂದ ತೆಗೆದ ಯಾವ ಚಿತ್ರವೂ ಅದನ್ನು ಹಿಡಿಯುವುದಿಲ್ಲ. ಹತ್ತಿರದ ಮೂರು ಕಲ್ಲು ದೊಡ್ಡದಾಗಿ ಬರುತ್ತವೆ, ಉಳಿದವು ಹಿಂದೆ ಪುಡಿಯಾಗುತ್ತವೆ. ಅಗಲ ನೋಟದ ಲೆನ್ಸ್ ಹಾಕಿದರೆ ಅಂತರಗಳು ಹಿಗ್ಗಿ ಸುಳ್ಳಾಗುತ್ತವೆ, ದೂರದ ಲೆನ್ಸ್ ಹಾಕಿದರೆ ಸಾಲುಗಳು ಒಂದರ ಮೇಲೊಂದು ಬಿದ್ದು ಒತ್ತಾಗುತ್ತವೆ. ಬೆಳಿಗ್ಗೆ ಅಥವಾ ಸಂಜೆ, ಪ್ರತಿ ಕಲ್ಲಿನ ನೆರಳೂ ಒಂದೇ ಕಡೆಗೆ ಉದ್ದವಾದಾಗ ಮಾತ್ರ ಒಂದಿಷ್ಟು ಲಯ ಚಿತ್ರಕ್ಕೆ ಬರುತ್ತದೆ. ಮೇಲಿನಿಂದ ನೋಡಿದರೆ ಪೂರ್ತಿ ನಕ್ಷೆ ಸಿಗುತ್ತದೆ ಎನ್ನುವುದು ನಿಜ. ಇಟ್ಟವರು ಮಾತ್ರ ಅದನ್ನು ಮೇಲಿನಿಂದ ಎಂದೂ ನೋಡಲಿಲ್ಲ. ಅವರು ನೆಲದ ಮೇಲೆ ನಿಂತು, ಕಣ್ಣಳತೆಯಲ್ಲಿ, ಹಗ್ಗವೋ ಹೆಜ್ಜೆಯೋ ಹಿಡಿದು ಇದನ್ನು ಮಾಡಿದರು.

ಈ ಮಾತಿಗೆ ಬೆಳಕು ಚೆಲ್ಲುವ ಎರಡು ಕೃತಿಗಳು ಅಮೆರಿಕದಲ್ಲಿವೆ, ಎರಡೂ 1977ರವು. ಮೊದಲನೆಯದು ನ್ಯೂ ಮೆಕ್ಸಿಕೊದ ಒಣಬಯಲಿನಲ್ಲಿ ವಾಲ್ಟರ್ ಡಿ ಮರಿಯಾ ನಿಲ್ಲಿಸಿದ ‘ಲೈಟ್ನಿಂಗ್ ಫೀಲ್ಡ್’. ನಾನೂರು ಉಕ್ಕಿನ ಕಂಬಗಳು, ಒಂದಕ್ಕೊಂದು 220 ಅಡಿ ದೂರ, ಒಂದು ಬದಿ ಒಂದು ಮೈಲಿ, ಇನ್ನೊಂದು ಬದಿ ಒಂದು ಕಿಲೋಮೀಟರ್. ಮಿಂಚು ಬಡಿಯುವ ಒಂದು ಫೋಟೊದಿಂದ ಅದು ಜಗತ್ಪ್ರಸಿದ್ಧ. ಅಲ್ಲಿಗೆ ಹೋದವರು ಬೇರೆಯದನ್ನು ಹೇಳುತ್ತಾರೆ: ನಡುಮಧ್ಯಾಹ್ನ ಕಂಬಗಳು ಬಿಸಿಲಿನಲ್ಲಿ ಕರಗಿ ಕಾಣದಾಗುತ್ತವೆ, ಬೆಳಗು ಸಂಜೆ ಹೊತ್ತಿಕೊಳ್ಳುತ್ತವೆ, ನಡೆದಂತೆ ಸಾಲು ತೆರೆದು ಮುಚ್ಚುತ್ತದೆ. ನೋಡಲು ಬಂದ ಕೆಲವೇ ಜನ ಪಕ್ಕದ ಮರದ ಮನೆಯಲ್ಲಿ ರಾತ್ರಿ ಉಳಿಯಬೇಕು, ಫೋಟೊ ತೆಗೆಯುವ ಹಾಗಿಲ್ಲ. ಇಡೀ ಕೃತಿ ನಡಿಗೆಗೆ, ಹೊತ್ತಿಗೆ ಮಾತ್ರ ಒಲಿಯುತ್ತದೆ ಎಂಬ ನಂಬಿಕೆಯಿಂದ ಮಾಡಿದ ನಿಯಮವದು.

ಎರಡನೆಯದು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದ ನಡುವೆ ಕಾರ್ಲ್ ಆಂದ್ರೆ ಮಾಡಿದ ‘ಸ್ಟೋನ್ ಫೀಲ್ಡ್ ಸ್ಕಲ್ಪ್‌ಚರ್’. ಮೂವತ್ತಾರು ಗುಂಡುಕಲ್ಲುಗಳು, ಎಂಟು ಸಾಲು. ಮೊದಲ ಸಾಲಿನಲ್ಲಿ ಒಂದೇ ದೊಡ್ಡ ಕಲ್ಲು, ತೂಕ ಹನ್ನೊಂದು ಟನ್. ಎರಡನೆಯದರಲ್ಲಿ ಎರಡು, ಹೀಗೆ ಕೊನೆಯ ಸಾಲಿನಲ್ಲಿ ಎಂಟು ಚಿಕ್ಕವು. ಯಾವ ಕಲ್ಲನ್ನೂ ಕೆತ್ತಿಲ್ಲ. ಪಕ್ಕದಲ್ಲೇ ಹಳೆಯ ಸ್ಮಶಾನ. ಕಲಾವಿದನಿಗೆ ಕೊಟ್ಟದ್ದು 87,000 ಡಾಲರ್. ಊರಿಗೆ ಊರೇ ಸಿಟ್ಟಾಯಿತು. ಬಂಡೆ ತಂದು ಇಟ್ಟದ್ದಕ್ಕೆ ಇಷ್ಟು ಹಣವೇ ಎಂದು ಜನ ಕೇಳಿದರು. ಶಿಲ್ಪವೆಂದರೆ ರೂಪ ಎನ್ನುವ ಕಾಲ ಮುಗಿದು, ಶಿಲ್ಪವೆಂದರೆ ಜಾಗ ಎನ್ನುವ ಕಾಲ ಬಂದಿದೆ ಎಂಬುದು ಆಂದ್ರೆಯ ನಿಲುವಾಗಿತ್ತು. ಆ ಕಲ್ಲುಗಳು ಇಂದಿಗೂ ಅಲ್ಲೇ ಇವೆ.

ಹಾರ್ಟ್‌ಫರ್ಡಿನವರ ಪ್ರಶ್ನೆಯನ್ನು ಕೀಳಾಗಿ ಕಾಣಬಾರದು. ಕೈಕೆಲಸವನ್ನು ಗೌರವಿಸುವ ಜನ ಕೇಳುವ ನ್ಯಾಯವಾದ ಪ್ರಶ್ನೆ ಅದು. ಬೇಲೂರಿನ ಮದನಿಕೆಯನ್ನು ನೋಡಿ ಬೆಳೆದ ಕನ್ನಡಿಗರಿಗೂ ವಿಭೂತಿಹಳ್ಳಿಯಲ್ಲಿ ಇದೇ ಪ್ರಶ್ನೆ ಹುಟ್ಟುತ್ತದೆ. ಅದಕ್ಕೆ ಉತ್ತರ ಲೆಕ್ಕದಲ್ಲಿದೆ. ಒಂದು ಕಲ್ಲನ್ನು ಕೆತ್ತಿದವನು ತಪ್ಪಿದರೆ ಒಂದು ಕಲ್ಲು ಕೆಡುತ್ತದೆ. ಸಾವಿರ ಕಲ್ಲುಗಳ ಜಾಲದಲ್ಲಿ ಆರಂಭದಲ್ಲೇ ಅಂಗುಲಗಳಷ್ಟು ತಪ್ಪಿದರೆ, ಇಪ್ಪತ್ತು ಮೂವತ್ತು ಸಾಲು ಮುಂದೆ ಹೋಗುವಷ್ಟರಲ್ಲಿ ತಪ್ಪು ಬೆಳೆದು ಓರೆಸಾಲು ಒಡೆದುಹೋಗುತ್ತದೆ. ಓರೆಸಾಲು ಕೂಡಬೇಕಾದರೆ ಉದ್ದದ ಅಳತೆಯೂ ಅಡ್ಡದ ಅಳತೆಯೂ ಕೊನೆಯವರೆಗೆ ಒಪ್ಪಬೇಕು. ಅದಕ್ಕೆ ಒಂದು ಅಳತೆಗೋಲು ಬೇಕು, ಅದನ್ನು ಒಪ್ಪಿಕೊಂಡ ಹತ್ತಾರು ಜನ ಬೇಕು, ಅವರಿಗೆ ಹೇಳಿಕೊಡುವ ಒಬ್ಬರು ಬೇಕು. ಮನುಷ್ಯರು ಒಂದು ಯೋಜನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೆಲಕ್ಕೆ ಇಳಿಸಿದ ಗುರುತು ಇದು. ವಾಸ್ತುಶಿಲ್ಪದ ಮೊದಲ ಪಾಠವನ್ನು ಇದಕ್ಕಿಂತ ಬತ್ತಲೆಯಾಗಿ ತೋರಿಸುವ ಜಾಗ ನನಗೆ ತಿಳಿದಂತೆ ಕರ್ನಾಟಕದಲ್ಲಿಲ್ಲ.

ವಿಭೂತಿಹಳ್ಳಿ ಒಂಟಿಯೂ ಅಲ್ಲ. ಬ್ರಿಟಿಷ್ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ 1956ರಲ್ಲಿ ‘ಮ್ಯಾನ್’ ಪತ್ರಿಕೆಯಲ್ಲಿ ದಕ್ಷಿಣ ಹೈದರಾಬಾದ್ ಸೀಮೆಯ ಕಲ್ಲುಸಾಲುಗಳ ಬಗ್ಗೆ ಬರೆದು ಇಂಥ ಹಲವು ನೆಲೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅವುಗಳಲ್ಲಿ ಎದೆ ನಡುಗಿಸುವಷ್ಟು ದೊಡ್ಡದು ಹನಮಸಾಗರ. ಕೃಷ್ಣೆಯಿಂದ ಆರೇಳು ಕಿಲೋಮೀಟರ್ ದೂರದಲ್ಲಿ, ಗುಡ್ಡಗಳ ನಡುವಿನ ಸಮತಟ್ಟಿನಲ್ಲಿ, ಒಂದರಿಂದ ಎರಡೂವರೆ ಮೀಟರ್ ಎತ್ತರದ ಸುಮಾರು 2,500 ಕಲ್ಲುಗಳು. ಸುಮಾರು ಐವತ್ತು ಸಾಲು ಉದ್ದಕ್ಕೆ, ಐವತ್ತು ಸಾಲು ಅಡ್ಡಕ್ಕೆ, ಒಂದೊಂದು ಬದಿ ಸುಮಾರು 600 ಮೀಟರ್. ಇಲ್ಲಿ ಸಂದು ಚುಕ್ಕಿಯಲ್ಲ, ನೇರ ಚುಕ್ಕಿ. ಸಾಲುಗಳು ನಾಲ್ಕು ದಿಕ್ಕುಗಳಿಗೆ ಹೊಂದಿಕೊಂಡಿವೆ.

ಭಾರತೀಯ ಖಗೋಳಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಈ ಎರಡೂ ನೆಲೆಗಳನ್ನು ಅಧ್ಯಯನ ಮಾಡಿದ್ದಾರೆ. ಹನಮಸಾಗರದ ಅಧ್ಯಯನದಲ್ಲಿ ಪ್ರಿಯಾ ಠಾಕೂರ್ ಅವರ ಜೊತೆಗಿದ್ದರು. ಹಗಲು ರಾತ್ರಿ ಸಮವಾಗುವ ದಿನಗಳ ಮತ್ತು ಉತ್ತರಾಯಣ ದಕ್ಷಿಣಾಯನಗಳ ತಿರುವಿನ ಸೂರ್ಯೋದಯ, ಸೂರ್ಯಾಸ್ತಗಳನ್ನು ಕೆಲವು ಸಾಲುಗಳು ತೋರುತ್ತವೆ, ಇವು ಪಂಚಾಂಗದ ಸಾಧನವಾಗಿದ್ದಿರಬಹುದು ಎಂಬುದು ಅವರ ವಾದ. ಕೇಳಿದ ಕೂಡಲೇ ಮನಸ್ಸು ಒಪ್ಪಲು ಹಾತೊರೆಯುವ ವಾದ ಇದು. ನಾನು ಇಲ್ಲಿ ಒಂದು ಎಚ್ಚರ ಇಟ್ಟುಕೊಳ್ಳುತ್ತೇನೆ. ಈ ಅಕ್ಷಾಂಶದಲ್ಲಿ, ಅಂದರೆ 16 ಡಿಗ್ರಿಯ ಆಚೀಚೆ, ಜೂನ್ ತಿರುವಿನ ದಿನ ಸೂರ್ಯ ನೇರ ಪೂರ್ವದಿಂದ ಸುಮಾರು 24.5 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ದಿಕ್ಕಿಗೆ ಹೊಂದಿಸಿದ ಯಾವುದೇ ಚೌಕಜಾಲದಲ್ಲಿ ಪೂರ್ವಕ್ಕೆ ಎರಡು ಕಲ್ಲು, ಉತ್ತರಕ್ಕೆ ಒಂದು ಕಲ್ಲು ಎಂದು ಹಿಡಿದು ಹೋದರೆ ಸಿಗುವ ಗೆರೆ 26.6 ಡಿಗ್ರಿ. ಎರಡಕ್ಕೂ ಎರಡು ಡಿಗ್ರಿ ವ್ಯತ್ಯಾಸ, ಸೂರ್ಯನ ನಾಲ್ಕು ಬಿಂಬಗಳಷ್ಟು. ಅಂದರೆ ಇಷ್ಟು ಕಲ್ಲುಗಳ ಜಾಲದಲ್ಲಿ ಯಾವುದಾದರೂ ಒಂದು ಗೆರೆ ಸೂರ್ಯನ ಹತ್ತಿರಕ್ಕೆ ಹೋಗಿಯೇ ಹೋಗುತ್ತದೆ. ಇಟ್ಟವರು ಅದನ್ನೇ ಬಯಸಿದ್ದರು ಎನ್ನಲು ಇನ್ನಷ್ಟು ಆಧಾರ ಬೇಕು. ಪೂರ್ವ–ಪಶ್ಚಿಮದ ಸಾಲು ಬೇರೆ ಮಾತು. ಅದು ತಾನಾಗಿ ಬರುವಂಥದ್ದಲ್ಲ. ಸೂರ್ಯನನ್ನೋ ನಕ್ಷತ್ರವನ್ನೋ ನೋಡದೆ ಇಷ್ಟು ದೊಡ್ಡ ಜಾಲವನ್ನು ದಿಕ್ಕಿಗೆ ಕೂಡಿಸಲು ಬರುವುದಿಲ್ಲ. ಆಕಾಶವನ್ನು ಅವರು ಗಮನಿಸುತ್ತಿದ್ದರು ಎನ್ನಲು ಅಷ್ಟೇ ಸಾಕು.

ನ್ಯಾನ್ಸಿ ಹೋಲ್ಟ್ ಎಂಬ ಕಲಾವಿದೆ 1973ರಿಂದ 1976ರವರೆಗೆ ಯೂಟಾ ಮರುಭೂಮಿಯಲ್ಲಿ ಮಾಡಿದ ‘ಸನ್ ಟನಲ್ಸ್’ ಈ ಜಾಗದಲ್ಲಿ ನೆನಪಾಗುತ್ತದೆ. ನಾಲ್ಕು ದೊಡ್ಡ ಕಾಂಕ್ರೀಟ್ ಕೊಳವೆಗಳನ್ನು ಅವರು ಓರೆ ಅಡ್ಡಗೆರೆಗಳ ಆಕಾರದಲ್ಲಿ ಮಲಗಿಸಿದರು, ವರ್ಷದ ಎರಡು ತಿರುವುಗಳಲ್ಲಿ ಸೂರ್ಯ ಅವುಗಳ ಬಾಯೊಳಗೆ ಬಂದು ಕೂರುವಂತೆ. ದಿಗಂತಕ್ಕೆ ಅಂಕೆಯೇ ಇಲ್ಲದ ಬಯಲಿನಲ್ಲಿ ಮನುಷ್ಯನ ಕಣ್ಣಿಗೆ ಒಂದು ಅಳತೆ ಕೊಡುವುದು ಅವರ ಉದ್ದೇಶವಾಗಿತ್ತು. ಹೋಲ್ಟ್ ಅವರಿಗೆ ಸರ್ವೇ ಉಪಕರಣಗಳಿದ್ದವು, ಖಗೋಳ ತಜ್ಞರ ನೆರವಿತ್ತು; ಇಲ್ಲಿ ಕಲ್ಲು ಇಟ್ಟವರಿಗೆ ಕಣ್ಣು, ಹಗ್ಗ, ಹೆಜ್ಜೆಯೇ ಆಸರೆ.

ಸಗರನಾಡಿನಲ್ಲಿ ಕಲ್ಲನ್ನು ಆರಿಸುವ ಕಣ್ಣು ಎಷ್ಟು ಹಳೆಯದು ಎಂದು ಕೇಳಿದರೆ ಉತ್ತರ ತಲೆ ತಿರುಗಿಸುತ್ತದೆ. ಹುಣಸಗಿ–ಬೈಚಬಾಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಳ ಕಾಲ ನಡೆದಾಡಿ ನೂರಾರು ಶಿಲಾಯುಗದ ನೆಲೆಗಳನ್ನು ಗುರುತಿಸಿದರು. ಅವುಗಳಲ್ಲೊಂದು ಇಸಾಂಪುರ. ಅಲ್ಲಿ ಸುಣ್ಣಕಲ್ಲಿನ ಹಾಸುಗಳು ಸಹಜವಾಗಿ ಒಡೆದು ಚಪ್ಪಡಿಯಾಗಿ ಮೇಲೆ ಬರುತ್ತಿದ್ದವು. ಆದಿಮಾನವರು ಬೇಕಾದ ದಪ್ಪದ ಚಪ್ಪಡಿಯನ್ನೇ ನೋಡಿ ಎತ್ತಿಕೊಂಡು, ಬೇರೆ ಜಾತಿಯ ಗಟ್ಟಿ ಕಲ್ಲಿನಿಂದ ಬಡಿದು, ಅಲ್ಲೇ ಕೈಗೊಡಲಿ ಮಾಡಿಕೊಳ್ಳುತ್ತಿದ್ದರು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲಿನ ದಂತಕವಚದ ಪರೀಕ್ಷೆ ತೋರಿಸಿದ ಕಾಲ ಸುಮಾರು 12 ಲಕ್ಷ ವರ್ಷ. ಕಲ್ಲಿನ ಗಣಿ ಮತ್ತು ಕಮ್ಮಟ ಎರಡೂ ಒಂದೇ ಜಾಗದಲ್ಲಿ ಹೀಗೆ ಉಳಿದಿರುವುದು ಜಗತ್ತಿನಲ್ಲೇ ಅಪರೂಪ.

ಇದರಲ್ಲಿ ವಿನ್ಯಾಸ ಎಲ್ಲಿದೆ? ಚಪ್ಪಡಿಯನ್ನು ಎತ್ತಿಕೊಂಡ ಆ ಗಳಿಗೆಯಲ್ಲಿದೆ. ದಪ್ಪ ಸರಿಯಿದ್ದರೆ ಅರ್ಧ ಕೆಲಸ ಮುಗಿದಂತೆ. ಉಳಿದದ್ದು ಅಂಚಿನ ಕೆಲಸ. ಅದೇ ಬಗೆಯ ಭೀಮಾ ತೀರದ ಸುಣ್ಣಕಲ್ಲು ಇಂದಿಗೂ ಪದರ ಪದರವಾಗಿ ಎದ್ದು ಶಹಾಬಾದಿ ಕಲ್ಲೆಂದು ನಾಡಿನ ತುಂಬ ಹೋಗುತ್ತದೆ. ಕಲ್ಯಾಣ ಕರ್ನಾಟಕದ ಮನೆಗಳಲ್ಲಿ ಪರಸಿ, ಅಂದರೆ ಈ ಹಾಸುಗಲ್ಲು, ಇಲ್ಲದ ನೆಲವನ್ನು ಹಳಬರು ನೆಲವೆಂದೇ ಒಪ್ಪುತ್ತಿರಲಿಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಬರಿಮೈಯಲ್ಲಿ ಮಲಗಿದವರಿಗೆ ಅದರ ಗುಣ ಗೊತ್ತು. ಕಲ್ಲಿನ ಸ್ವಭಾವವೇ ಚಪ್ಪಟೆ, ಮನುಷ್ಯ ಅದಕ್ಕೆ ಒಪ್ಪಿ ನಡೆದುಕೊಂಡ. ಈಗ ಬೆಂಗಳೂರಿನ ವಾಸ್ತುಶಿಲ್ಪಿಗಳು ಹೊಳಪು ಟೈಲ್ಸಿನಿಂದ ಬೇಸತ್ತು ಅದೇ ಕಲ್ಲನ್ನು ಮತ್ತೆ ಹಾಸುತ್ತಿರುವುದನ್ನು ನೋಡಿದರೆ ಸಂತೋಷವಾಗುತ್ತದೆ.

ಇಡದೆಯೂ ಕೃತಿಯಾಗುವುದಕ್ಕೆ ಶಹಾಪುರದ ಬುದ್ಧ ಸಾಕ್ಷಿ. ಊರ ಹಿಂದಿನ ಬೆಟ್ಟಸಾಲಿನಲ್ಲಿ ನಾಲ್ಕು ಗುಡ್ಡಗಳ ಅಂಚು ಕೂಡಿ, ಹಣೆ, ಮೂಗು, ಗದ್ದ, ಎದೆ, ಕಾಲು ಆಗಿ, ಮಲಗಿದ ಬುದ್ಧನ ಆಕಾರ ಕಾಣುತ್ತದೆ. ಯಾರೂ ಕೆತ್ತಿದ್ದಲ್ಲ. ಗುಡ್ಡಗಳು ಒಂದರ ಪಕ್ಕ ಒಂದು ಇರುವುದೂ ಅಲ್ಲ, ಹಿಂದೆ ಮುಂದೆ ಇವೆ. ರಸ್ತೆಯ ಒಂದು ತುಣುಕಿನಿಂದ ನೋಡಿದಾಗ ಮಾತ್ರ ಅವುಗಳ ನಡುವಿನ ದೂರ ಅಳಿಸಿಹೋಗಿ ಮುಖ ಮೂಡುತ್ತದೆ. ಬಸ್ಸು ಮುಂದೆ ಹೋದರೆ ಬುದ್ಧ ಕರಗಿ ಗುಡ್ಡವಾಗುತ್ತಾನೆ. ಫೋಟೊಗ್ರಫಿ ಕಲಿಯುವ ಹುಡುಗರಿಗೆ ನಿಲ್ಲುವ ಜಾಗವೇ ಅರ್ಧ ಚಿತ್ರ ಎಂದು ತರಗತಿಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗದು. ಇಲ್ಲಿ ಇಪ್ಪತ್ತು ನಿಮಿಷ ಹಿಂದೆ ಮುಂದೆ ಓಡಾಡಿಸಿದರೆ ಸಾಕು. ಯಾದಗಿರಿಯ ಕೋಟೆಯನ್ನೂ ಅದೇ ಕಣ್ಣಿನಿಂದ ನೋಡಬಹುದು. ಅಲ್ಲಿ ಬಂಡೆಯೇ ಗೋಡೆಯಾಗಿರುವ ಕಡೆ ಕಟ್ಟಿದವರು ಕಟ್ಟಲಿಲ್ಲ, ಬಂಡೆ ಬಿಟ್ಟ ಸಂದಿಗೆ ಮಾತ್ರ ಕೈ ಹಾಕಿದರು.

ಸುರಪುರದಲ್ಲಿ ಇದಕ್ಕೆ ತೀರ ವಿರುದ್ಧವಾದ ಕಲೆಯೂ ಬೆಳೆಯಿತು. ನಾಯಕ ದೊರೆಗಳ ಆಶ್ರಯದಲ್ಲಿ, 18 ಮತ್ತು 19ನೇ ಶತಮಾನಗಳಲ್ಲಿ, ಗರುಡಾದ್ರಿ ಮನೆತನದಂಥ ಕಲಾವಿದರು ಬರೆದ ಕಿರುಚಿತ್ರಗಳಲ್ಲಿ ಚಿನ್ನದ ಲೇಪವಿದೆ, ಕೂದಲೆಳೆಯ ಗೆರೆಯಿದೆ, ಒಂದು ಅಂಗುಲವೂ ಖಾಲಿ ಬಿಡಬಾರದೆಂಬ ಹಟವಿದೆ. ಮೈಸೂರು, ತಂಜಾವೂರು ಶೈಲಿಗಳಿಗೆ ಸಿಕ್ಕ ಮನ್ನಣೆ ಸುರಪುರ ಶೈಲಿಗೆ ಸಿಕ್ಕಿಲ್ಲ ಎಂಬ ಕೊರಗು ನನ್ನದು. ಅದರ ಬಗ್ಗೆ ಬೇರೆಯೇ ಬರೆಯಬೇಕು. ಖಾಲಿ ಜಾಗಕ್ಕೆ ಅಂಜದ ಬಯಲು ಮತ್ತು ಖಾಲಿ ಬಿಡದ ಕಾಗದ, ಎರಡೂ ಒಂದೇ ಸಗರನಾಡಿನಲ್ಲಿ ಹುಟ್ಟಿದವು ಎಂಬುದಷ್ಟನ್ನು ಇಲ್ಲಿ ಹೇಳಿದರೆ ಸಾಕು.

ನಮ್ಮ ಕಾಲದ ಕನ್ನಡ ನಾಡಿನ ಕಲಾವಿದೆಯೊಬ್ಬರು ಇಡುವುದರ ಈ ಶಕ್ತಿಯನ್ನು ಚೆನ್ನಾಗಿ ಅರಿತವರು. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ 2012ರ ಮೊದಲ ಕೊಚ್ಚಿ–ಮುಜಿರಿಸ್ ಬಿಯೆನಾಲೆಗೆ ಕ್ರಿಸ್ಟೋಫ್ ಸ್ಟೋರ್ಜ್ ಜೊತೆ ‘ಸ್ಟಾಪ್‌ಓವರ್’ ಎಂಬ ಕೃತಿ ಮಾಡಿದರು. ಮಿಕ್ಸಿ ಬಂದ ಮೇಲೆ ಮನೆಗಳಿಂದ ಹೊರಬಿದ್ದು, ಒಡೆಯಲು ಮನಸ್ಸು ಬಾರದೆ ಬೀದಿಯಂಚಿಗೆ ಬಿದ್ದಿದ್ದ ಸುಮಾರು 170 ಒರಳುಕಲ್ಲುಗಳನ್ನು ಬೆಂಗಳೂರಿನಿಂದ ತಂದು, ಮಸಾಲೆ ವ್ಯಾಪಾರದ ಹಳೆಯ ಕಟ್ಟಡದೊಳಗೂ ಅಂಗಳದಲ್ಲೂ ಇಟ್ಟರು. ಕಲ್ಲುಗಳಿಗೆ ಅವರು ಹೊಸ ರೂಪ ಕೊಡಲಿಲ್ಲ. ಒಂದೊಂದಕ್ಕೂ ಜಾಗ ಕೊಟ್ಟರು. ಎಷ್ಟೋ ತಾಯಂದಿರ ತೋಳು ತಿರುಗಿಸಿದ ಆ ಕಲ್ಲುಗಳು ಅಲ್ಲಿ ಒಂದರ ಜೊತೆ ಒಂದು ನಿಂತಾಗ, ಅಡುಗೆಮನೆಯ ಒಂದು ಕಾಲವೇ ಮನೆ ಬಿಟ್ಟು ಹೊರಟದ್ದು ಕಣ್ಣಿಗೆ ಕಟ್ಟುತ್ತಿತ್ತು.

ಈಗ ಕಷ್ಟದ ಮಾತಿಗೆ ಬರಬೇಕು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರದ ಬಯಲುಗಳ ಹಣೆಬರಹ ಬದಲಾಯಿತು. ತೊಗರಿ ಜೋಳದ ನೆಲ ಭತ್ತಕ್ಕೆ ಸಮತಟ್ಟಾಯಿತು. ಇದು ಒಳ್ಳೆಯದು, ಮಳೆ ನಂಬಿ ಗುಳೆ ಹೋಗುತ್ತಿದ್ದ ಸೀಮೆಗೆ ಬಹಳ ಒಳ್ಳೆಯದು. ಆದರೆ ಸಮತಟ್ಟು ಮಾಡುವ ಯಂತ್ರಕ್ಕೆ ಗುಂಡುಕಲ್ಲು ಅಡ್ಡಿ. ಒಂದು ಕಲ್ಲನ್ನು ಬದುವಿಗೆ ಸರಿಸಿದ ರೈತ ಕಲ್ಲನ್ನೇನೂ ಕೆಡಿಸಲಿಲ್ಲ, ಅದು ಬದುವಿನಲ್ಲಿ ಸುಖವಾಗಿದೆ. ಕೆಟ್ಟದ್ದು ಜಾಲ. ಮದನಿಕೆಯನ್ನು ಕದ್ದರೆ ಊರು ಎದ್ದು ನಿಲ್ಲುತ್ತದೆ. ಅಂತರ ಕಳೆದುಹೋದರೆ ದೂರು ಕೊಡುವವರಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಸಂರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧಿಸುತ್ತದೆ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕೆನ್ನುತ್ತದೆ. ಗುಡಿಗೆ, ಕೋಟೆಗೆ ಅಷ್ಟು ಸಾಕಾಗಬಹುದು. ಕಲ್ಲುಸಾಲಿಗೆ ದಿಗಂತವೂ ಬೇಕು. ಪೂರ್ವದ ಅಂಚಿನಲ್ಲಿ ಒಂದು ಎತ್ತರದ ಗೋದಾಮು ಎದ್ದರೆ ಅದು ಕಾಯ್ದೆಯ ಗಡಿಯ ಆಚೆ ಇದ್ದರೂ ಓಣಿಯ ಕೊನೆಗೆ ಗೋಡೆಯಾಗಿ ನಿಲ್ಲುತ್ತದೆ.

ಫ್ರಾನ್ಸಿನ ಬ್ರಿಟನಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ನಿಲುಗಲ್ಲುಗಳ ಕಾರ್ನಾಕ್ ಸಾಲುಗಳಿಗೆ 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. ನಮ್ಮ ಕೊಪ್ಪಳದ ಹಿರೇಬೆಣಕಲ್ಲಿನ ಕಲ್ಮನೆಗಳು 2021ರಿಂದ ತಾತ್ಕಾಲಿಕ ಪಟ್ಟಿಯಲ್ಲಿವೆ. ಹಿರೇಬೆಣಕಲ್ಲಿಗೆ ಆ ಗೌರವ ತಕ್ಕದ್ದೇ. ಅದಕ್ಕೆ ಗೋಡೆಯಿದೆ, ಮುಚ್ಚಳವಿದೆ, ಕಿಂಡಿಯಿದೆ. ಒಂದು ಫೋಟೊ ನೋಡಿದವರಿಗೆ ಮನೆಯೆಂದು ತಿಳಿಯುತ್ತದೆ. ಹನಮಸಾಗರವನ್ನು ಹಾಗೆ ಒಂದು ಫೋಟೊದಲ್ಲಿ ತೋರಿಸಲಾಗದು ಎನ್ನುವುದೇ ಅದಕ್ಕೆ ಶಾಪವಾಗಿದೆ. ಹಾಗಾಗಿ ಅದನ್ನು ಚಿತ್ರದಿಂದಲ್ಲ, ನಕ್ಷೆಯಿಂದ ತೋರಿಸಬೇಕು.

ಮೊದಲು ಆಗಬೇಕಾದ ಕೆಲಸ ಇದು. ಕಲಬುರಗಿಯಲ್ಲಿ ವಾಸ್ತುಶಿಲ್ಪ ಓದುವ ಮಕ್ಕಳಿದ್ದಾರೆ, ಚಿತ್ರಕಲೆ ಕಲಿಯುವವರಿದ್ದಾರೆ. ಹಂಪಿಯ ಕಂಬವನ್ನೋ ಬಾದಾಮಿಯ ಗುಹೆಯನ್ನೋ ಅಳೆದು ಬರೆಯುವುದು ಅವರ ಪಠ್ಯದ ಭಾಗ. ಇಲಾಖೆಯ ಅನುಮತಿ ಪಡೆದು ವಿಭೂತಿಹಳ್ಳಿಗೂ ಹನಮಸಾಗರಕ್ಕೂ ಒಂದೊಂದು ತಂಡ ಹೋಗಲಿ. ಡ್ರೋನ್ ಮೇಲಿನಿಂದ ನಕ್ಷೆ ಕೊಡುತ್ತದೆ, ಕೆಳಗೆ ಟೇಪು ಹಿಡಿದವರು ಪ್ರತಿ ಕಲ್ಲಿಗೂ ಒಂದು ಸಂಖ್ಯೆ, ಎತ್ತರ, ಪಕ್ಕದ ಕಲ್ಲಿನಿಂದ ದೂರ ಬರೆಯಲಿ. ಬದುವಿಗೆ ಸರಿದ ಕಲ್ಲು ಎಲ್ಲಿಂದ ಸರಿಯಿತು ಎಂದು ಹೊಲದ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಅವರು ಇರುವಾಗಲೇ ಕೇಳಬೇಕು. ಖಾಲಿಯಾದ ಜಾಗವನ್ನೂ ನಕ್ಷೆಯಲ್ಲಿ ಚುಕ್ಕಿಯಾಗಿ ಗುರುತಿಸಬೇಕು, ಬಣ್ಣ ಬೇರೆ ಇರಲಿ. ಆ ನಕ್ಷೆ ಕನ್ನಡದಲ್ಲಿ ಅಚ್ಚಾಗಿ ಗ್ರಾಮ ಪಂಚಾಯಿತಿಯ ಗೋಡೆಗೂ ಊರ ಶಾಲೆಯ ಗೋಡೆಗೂ ಬರಬೇಕು. ಬಯಲಿನಲ್ಲಿ ಹಾಕುವ ಫಲಕದಲ್ಲಿ ಕಾಯ್ದೆಯ ಕಲಮು, ದಂಡದ ಮೊತ್ತ ಮಾತ್ರ ಬರೆದರೆ ಸಾಲದು. ಎಲ್ಲಿಂದ ನಡೆಯಲು ಶುರು ಮಾಡಬೇಕು, ಯಾವ ಹೊತ್ತಿಗೆ ಬರಬೇಕು, ಎಲ್ಲಿ ನಿಂತರೆ ಓರೆಸಾಲು ತೆರೆಯುತ್ತದೆ ಎಂದೂ ಬರೆಯಬೇಕು. ಇಂಥ ಅಳತೆಗೆ ದೊಡ್ಡ ಹಣ ಬೇಡ. ಬಿತ್ತನೆ ಇಲ್ಲದ ಬೇಸಿಗೆಯ ರಜೆಯಲ್ಲಿ, ಬಿಸಿಲು ಏರುವ ಮುಂಚೆ, ಹತ್ತು ಹದಿನೈದು ಹುಡುಗ ಹುಡುಗಿಯರು ಸೇರಿ ಮಾಡಬಹುದಾದ ಕೆಲಸ.